ಮೊದಲಿನ ಉತ್ಸಾಹ ಹೋದ್ಮೇಲೂ ಯೇಸುವಿನ ಮೇಲಿನ ನಂಬಿಕೆನ ಜೀವನಪೂರ್ತಿ ಉಳಿಸ್ಕೊಳ್ಳೋದು ಹೇಗೆ?

ನಿಮ್ಮ ಪ್ರಶ್ನೆ ಪೂರ್ತಿ ಓದಿದೆ. ನಂಬಿಕೆಗೆ ಬಂದ ಹೊಸದ್ರಲ್ಲಿ ಪ್ರಾರ್ಥನೆಗೆ ಕೂತ್ರೆ ಏಳೋಕೇ ಮನಸ್ಸಾಗ್ತಿರ್ಲಿಲ್ಲ, ಈಗ ಕೂತ್ರೆ ಏನೂ ಅನ್ಸಲ್ಲ, ಬೈಬಲ್ ತೆಗೆದ್ರೆ ಬರೀ ಅಕ್ಷರ ಕಾಣ್ಸುತ್ತೆ, ನನ್ನ ನಂಬಿಕೆ ಸತ್ತೋಯ್ತಾ, ಐವತ್ತು ಅರವತ್ತು ವರ್ಷ ಕರ್ತನ ಜೊತೆ ನಡೆದೋರು ಹೇಗೆ ನಡೆದ್ರು, ಫೀಲಿಂಗ್ ವಾಪಸ್ ಬರೋವರೆಗೂ ಚರ್ಚಿಗೆ ಹೋಗೋದು ನಿಲ್ಲಿಸ್ಲಾ ಅಂತ ಕೇಳಿದ್ದೀರ. ಇದನ್ನ ನಿಮ್ಮ ಸಭೆಯ ಹಿರಿಯರ ಹತ್ರ ಹೇಳೋಕೆ ನಾಚಿಕೆ ಅಂತಾನೂ ಬರ್ದಿದ್ದೀರ.

ನಾನು ಪಾಸ್ಟರ್ ಅಲ್ಲ. ಹುಡುಗನಾಗಿದ್ದಾಗ ಕರ್ತನ ಹತ್ರ ಬಂದು ಈಗ ತಲೆ ನರೆತಿರೋನು, ಅಷ್ಟೇ. ನಿಮ್ಮ ನಂಬಿಕೆ ಸತ್ತಿಲ್ಲ, ಸತ್ತಿದ್ರೆ ನಿಮಗೆ ಈ ಸಂಕಟ ಇರ್ತಿರ್ಲಿಲ್ಲ, ರಾತ್ರಿ ಕೂತು ಇಷ್ಟುದ್ದ ಪ್ರಶ್ನೆ ಬರೀತಾನೂ ಇರ್ಲಿಲ್ಲ. ಇನ್ನು ಹೇಗೆ ಉಳಿಸ್ಕೊಳ್ಳೋದು ಅನ್ನೋದಕ್ಕೆ ನಾನು ಕಂಡುಕೊಂಡಿರೋದು ಒಂದೇ. ಕೊನೇವರೆಗೂ ನಿಂತೋರು ಯಾರೂ ಮೊದಲಿನ ಫೀಲಿಂಗನ್ನ ಕಾಪಾಡ್ಕೊಂಡು ನಿಂತಿಲ್ಲ, ದೇವರು ಈಗಾಗ್ಲೇ ಹೇಳಿರೋ ಮಾತಲ್ಲಿ ಮುಂದಿನ ಒಂದನ್ನ ಮಾಡ್ತಾ ಮಾಡ್ತಾ ನಿಂತಿದ್ದಾರೆ.

ಅಬ್ರಹಾಮನ ಕಥೆನ ನಾವೆಲ್ಲ ಸಂಡೇ ಸ್ಕೂಲಲ್ಲಿ ಬಹಳ ಬೇಗ ಮುಗಿಸ್ಬಿಟ್ಟಿದ್ದೀವಿ, ದೇವರು ಕರೆದ, ಅವನು ಹೊರಟ, ಮಗ ಹುಟ್ಟಿದ ಅಂತ. ಒಂದ್ಸಲ ಅವನ ವಯಸ್ಸನ್ನ ಗುರುತು ಹಾಕ್ಕೊಂಡು ಆದಿಕಾಂಡ ಓದಿ. ಹಾರಾನ್ ಅನ್ನೋ ಊರು ಬಿಟ್ಟಾಗ 75, ದೇವರು ಮಾತು ಕೊಟ್ಟ ಮಗ ಇಸಾಕ ಹುಟ್ಟಿದಾಗ 100. ಮಧ್ಯೆ 25 ವರ್ಷ ಕಾದಿದ್ದಾನೆ. ಹೆಂಡತಿ ಸಾರಾಳ ದಾಸಿ ಹಾಗರಳಿಂದ ಅವನಿಗೆ ಇಷ್ಮಾಯೇಲ ಹುಟ್ಟಿದಾಗ ಅವನಿಗೆ 86, ಇದು 16ನೇ ಅಧ್ಯಾಯದ ಕೊನೇ ವಚನದಲ್ಲಿದೆ. ಹಾಗೇ ಕಣ್ಣು ಕೆಳಗಿಳಿಸಿದ್ರೆ 17ನೇ ಅಧ್ಯಾಯದ ಮೊದಲನೇ ವಚನ, ಅಲ್ಲಿ ಅವನಿಗೆ 99 ಆಗೋಗಿದೆ. ಓದೋರಿಗೆ ಎರಡು ವಚನ ಪಕ್ಕ ಪಕ್ಕ, ಅವನಿಗೆ 13 ವರ್ಷ. ಆ 13 ವರ್ಷದಲ್ಲಿ ದೇವರು ಅವನ ಹತ್ರ ಏನಾದ್ರೂ ಮಾತಾಡಿದ್ದು ಅಂತ ಒಂದು ಸಾಲೂ ಬರೆದಿಲ್ಲ. ಬೆಳಿಗ್ಗೆ ಎದ್ದು ಕುರಿ ಮಂದೆ ನೋಡ್ಕೊಂಡು, ಮನೆಯೋರ ಜಗಳ ಬಿಡಿಸ್ಕೊಂಡು, ಕಾನಾನಲ್ಲೇ ಇದ್ದ. ನಿಮ್ಮ ಈಗಿನ ಪರಿಸ್ಥಿತಿ ಆ ಎರಡು ವಚನದ ನಡುವೆ ಇರಬಹುದು ಅಂತ ಯಾಕೆ ಅನ್ಕೋಬಾರ್ದು?

ಅದಕ್ಕಿಂತ ನನ್ನನ್ನ ಹೆಚ್ಚು ಹಿಡಿದು ನಿಲ್ಸೋದು 23ನೇ ಅಧ್ಯಾಯ. ಅದನ್ನ ಯಾರೂ ಪ್ರಸಂಗ ಮಾಡಲ್ಲ, ಯಾಕೋ ಗೊತ್ತಿಲ್ಲ. ಸಾರಾ 127ನೇ ವಯಸ್ಸಲ್ಲಿ ತೀರ್ಕೊಳ್ತಾಳೆ, ಅವಳಿಗಿಂತ ಹತ್ತು ವರ್ಷ ದೊಡ್ಡವನಾದ ಅಬ್ರಹಾಮನಿಗೆ ಆಗ 137. ಈ ದೇಶನ ನಿನ್ನ ಸಂತಾನಕ್ಕೆ ಕೊಡ್ತೀನಿ ಅಂತ ದೇವರು ಹೇಳಿ 60 ವರ್ಷ ದಾಟಿದೆ, ಹೆಂಡತಿನ ಮಣ್ಣು ಮಾಡೋಕೆ ಅವನ ಹೆಸರಲ್ಲಿ ಒಂದು ಗೇಣು ನೆಲ ಇಲ್ಲ. ಹಿತ್ತಿಯರ ಮುಂದೆ ಬಗ್ಗಿ ನಮಸ್ಕಾರ ಮಾಡಿ, ನಾನು ನಿಮ್ಮಲ್ಲಿ ಪರದೇಶಿ, ಸಮಾಧಿಗೆ ಜಾಗ ಕೊಡಿ ಅಂತ ಕೇಳ್ತಾನೆ. ಹೊಲದ ಯಜಮಾನ ಎಫ್ರೋನ ಹೇಳಿದ ರೇಟಿಗೆ ಚೌಕಾಸಿ ಮಾಡ್ದೆ 400 ಶೇಕೆಲ್ ಬೆಳ್ಳಿ ತೂಕ ಹಾಕಿ ಕೊಟ್ಟು ಮಕ್ಪೇಲದ ಹೊಲ, ಅದರಲ್ಲಿರೋ ಗವಿ, ಸುತ್ತಲಿನ ಮರಗಳ ಸಮೇತ ಎಲ್ಲರ ಎದುರಿಗೆ ಕ್ರಯ ಮಾಡ್ಕೊಳ್ತಾನೆ. ದೇವರು ಕೊಡ್ತೀನಿ ಅಂದ ದೇಶದಲ್ಲಿ ದುಡ್ಡು ಕೊಟ್ಟು ಸಮಾಧಿ! ಹಾರಾನಿಗೆ ವಾಪಸ್ ಹೋಗಿ ತನ್ನ ಜನರ ಮಧ್ಯೆ ಮಣ್ಣು ಮಾಡಬಹುದಿತ್ತು. ಹೋಗ್ಲಿಲ್ಲ. ನಮ್ಮವರು ಇಲ್ಲೇ ಇರ್ತಾರೆ ಅಂತ ನಂಬಿದವನು ಮಾತ್ರ ಹೆಂಡತಿ ಸಮಾಧಿನ ಅಲ್ಲಿ ಮಾಡ್ತಾನೆ. ನನ್ನ ಮಟ್ಟಿಗೆ ಇಸಾಕನನ್ನ ಬಲಿ ಕೊಡೋಕೆ ಮೊರಿಯ ಬೆಟ್ಟ ಹತ್ತಿದ್ದು ಎಷ್ಟು ದೊಡ್ಡ ನಂಬಿಕೆಯೋ ಈ ಕ್ರಯ ಕೂಡ ಅಷ್ಟೇ ದೊಡ್ಡದು, ಅಳ್ತಾ ಇದ್ದ ಮುದುಕ ವ್ಯವಹಾರ ಮುಗಿಸಿದ್ದು ಅದು, ಅದ್ರಲ್ಲಿ ದರ್ಶನ ಇಲ್ಲ, ದೇವದೂತ ಇಲ್ಲ.

ಆ ಗವಿ ಇರೋದು ಹೆಬ್ರೋನಲ್ಲಿ. ನೂರಾರು ವರ್ಷ ಆದ್ಮೇಲೆ ಕಾಲೇಬ ಅನ್ನೋ 85 ವರ್ಷದವನು ಇಸ್ರಾಯೇಲರ ನಾಯಕ ಯೆಹೋಶುವನ ಹತ್ರ ಬಂದು, ಎತ್ತರದ ದೈತ್ಯರಂಥ ಅನಾಕ್ಯರು ಇನ್ನೂ ಗಟ್ಟಿಯಾಗಿ ಕೂತಿದ್ದ ಆ ಬೆಟ್ಟದ ಸೀಮೆನೇ ನನಗೆ ಕೊಡು ಅಂತ ಕೇಳಿ ಪಡ್ಕೊಂಡಿದ್ದೂ ಇದೇ ಹೆಬ್ರೋನನ್ನ. ಆ ನೆಲ ನಿನಗೆ ಅನ್ನೋ ಮಾತು ಸಿಕ್ಕಾಗ ಅವನಿಗೆ 40 ವಯಸ್ಸು, ಕೈಗೆ ಬಂದಿದ್ದು 45 ವರ್ಷ ಆದ್ಮೇಲೆ, ಅದೂ ಬೇರೆಯವರ ಅಪನಂಬಿಕೆಯಿಂದ ಅವನೂ ಅರಣ್ಯದಲ್ಲಿ ಅಲೆದು.

ಈಗ ವಿಧೇಯತೆ ವಿಷಯ. ನಾವೆಲ್ಲ ಮೊದಲು ನಂಬಿಕೆ ಗಟ್ಟಿ ಆಗ್ಲಿ ಆಮೇಲೆ ದೇವರು ಹೇಳಿದ್ದು ಮಾಡ್ತೀನಿ ಅಂತ ಕಾಯ್ತೀವಿ. ಯೋಹಾನ 7:17ರಲ್ಲಿ ಯೇಸು ಹೇಳೋದು ಅದಕ್ಕೆ ತಿರುವುಮುರುವು, ದೇವರ ಚಿತ್ತ ಮಾಡೋಕೆ ಮನಸ್ಸಿರೋನಿಗೆ ಈ ಬೋಧನೆ ದೇವರಿಂದ ಬಂದಿದ್ದಾ ಅಂತ ತಿಳಿಯುತ್ತೆ ಅಂತಾನೆ. ಪೇತ್ರ ರಾತ್ರಿಯೆಲ್ಲಾ ಬಲೆ ಬೀಸಿ ಬರಿಗೈಲಿ ಬಂದು ಸುಸ್ತಾಗಿದ್ದಾಗ ಅವನಿಗೆ ಯಾವ ಉತ್ಸಾಹಾನೂ ಇರ್ಲಿಲ್ಲ, ಮತ್ತೆ ಬಲೆ ಹಾಕು ಅಂದ ಯೇಸುಗೆ ನೀನು ಹೇಳ್ತಿದ್ದೀಯ ಅಂತ ಹಾಕ್ತೀನಿ ಅಂದ, ಅಷ್ಟು ಸಾಕಾಯ್ತು.

ನಮ್ಮ ಸಭೆಯಲ್ಲಿ ಒಬ್ರು ಅಕೌಂಟ್ಸ್ ಕೆಲಸ ಮಾಡೋರಿದ್ದಾರೆ. ವರ್ಷದ ಲೆಕ್ಕ ಕ್ಲೋಸ್ ಮಾಡೋ ಟೈಮಲ್ಲಿ, ಇನ್ನೂ ಬರದೇ ಇರೋ ಮಾಲಿಗೆ ಹಿಂದಿನ ಡೇಟ್ ಹಾಕಿ ಬಿಲ್ ಎಂಟ್ರಿ ಮಾಡು ಅಂತ ಮೇಲಿನವರು ಹೇಳಿದ್ರು. ಆಗ ಅವರಿಗೂ ನಿಮ್ಮ ಹಾಗೇ ತಿಂಗಳುಗಟ್ಟಲೆ ಪ್ರಾರ್ಥನೆ ಒಣಗಿತ್ತು. ಟೇಬಲ್ ಕೆಳಗೆ ಕೈ ನಡುಗ್ತಿತ್ತಂತೆ, ಆದ್ರೂ ಸರ್ ಇದು ನನ್ನಿಂದ ಆಗಲ್ಲ ಅಂದ್ರು. ಪವಾಡ ಏನೂ ಆಗ್ಲಿಲ್ಲ, ಅವರನ್ನ ಬೇರೆ ಸೆಕ್ಷನ್ನಿಗೆ ಹಾಕಿದ್ರು, ಆ ವರ್ಷ ಇನ್‌ಕ್ರಿಮೆಂಟೂ ಸಿಗ್ಲಿಲ್ಲ. ಆವತ್ತು ರಾತ್ರಿ ಮೊಣಕಾಲೂರಿದಾಗ್ಲೂ ಏನೂ ಅನ್ಸಿಲ್ವಂತೆ, ಆದ್ರೆ ದೇವರ ಹತ್ರ ಮುಚ್ಚಿಡೋಕೆ ಏನೂ ಇರ್ಲಿಲ್ಲ ಅಂದ್ರು. ಅವರ ಪ್ರಾರ್ಥನೆ ಮತ್ತೆ ಜೀವ ಹಿಡಿದಿದ್ದು ಎಷ್ಟೋ ತಿಂಗಳಾದ್ಮೇಲೆ, ಆದ್ರೆ ಶುರುವಾಗಿದ್ದು ಆ ಟೇಬಲ್ ಹತ್ರ ಅಂತ ಅವರು ಈಗ್ಲೂ ಹೇಳ್ತಾರೆ. ನೀವೂ ನೋಡ್ಕೊಳ್ಳಿ, ಮಾಡ್ಬೇಕು ಅಂತ ಚೆನ್ನಾಗಿ ಗೊತ್ತಿದ್ದೂ ಮುಂದೂಡ್ತಾ ಬಂದಿರೋದು ಏನಾದ್ರೂ ಇದೆಯಾ, ಕ್ಷಮಿಸಬೇಕಾದ ಒಬ್ಬ ಮನುಷ್ಯ, ತೀರಿಸಬೇಕಾದ ಸಾಲ, ಬಿಡಬೇಕಾದ ಒಂದು ಅಭ್ಯಾಸ. ಇದ್ರೆ ಅಲ್ಲಿಂದ ಶುರು ಮಾಡಿ. ಇಲ್ಲ ಅಂದ್ರೆ ಇಲ್ದಿರೋ ಪಾಪ ಹುಡುಕ್ಕೊಂಡು ನಿಮ್ಮನ್ನ ನೀವೇ ಹಿಂಸೆ ಮಾಡ್ಕೋಬೇಡಿ, ಶುಷ್ಕತೆಗೆಲ್ಲ ಪಾಪಾನೇ ಕಾರಣ ಅನ್ನೋದು ಕಷ್ಟದಲ್ಲಿದ್ದ ಯೋಬನನ್ನ ನೋಡೋಕೆ ಬಂದ ಸ್ನೇಹಿತರ ಥರದ ವಾದ, ದೇವರು ಅವರನ್ನ ಗದರಿಸಿದ.

ಯಾಕಂದ್ರೆ ಪಾಪ ಇಲ್ಲದೇನೂ ಕತ್ತಲೆ ಇರುತ್ತೆ. 88ನೇ ಕೀರ್ತನೆ ಓದಿ, ಬೇರೆ ಕೀರ್ತನೆಗಳ ಥರ ಕೊನೇಲಿ ಸ್ತೋತ್ರಕ್ಕೆ ತಿರುಗಲ್ಲ, ಕತ್ತಲೆಯಲ್ಲೇ ಮುಗಿಯುತ್ತೆ, ಆದ್ರೂ ಅದು ಪ್ರಾರ್ಥನೆ ಅಂತಾನೇ ಬೈಬಲಲ್ಲಿದೆ. 1997ರಲ್ಲಿ ತೀರ್ಕೊಂಡ ಮದರ್ ತೆರೇಸಾ ಅವರ ಪತ್ರಗಳು 2007ರಲ್ಲಿ ಪುಸ್ತಕವಾಗಿ ಬಂದಾಗ ಎಲ್ಲರಿಗೂ ಗೊತ್ತಾಯ್ತು, ಬಡವರ ಸೇವೆ ಮಾಡಿದ ಅಷ್ಟೂ ದಶಕಗಳಲ್ಲಿ ಬಹುಪಾಲು ಅವರಿಗೆ ದೇವರ ಸಾನ್ನಿಧ್ಯದ ಅನುಭವಾನೇ ಇರ್ಲಿಲ್ಲ ಅಂತ. ಕೆಲವರು ಅದನ್ನ ಅವಿಶ್ವಾಸ ಅಂದ್ರು. ನನಗೆ ಹಾಗನ್ಸಲ್ಲ, ಏನೂ ಅನಿಸದೇ ಇದ್ದಾಗ್ಲೂ ಬೆಳಿಗ್ಗೆ ಎದ್ದು ಸಾಯ್ತಿರೋರ ಹತ್ರ ಹೋಗಿ ಕೂತ್ಕೊಳ್ಳೋದಕ್ಕಿಂತ ದೊಡ್ಡ ಭರವಸೆ ಯಾವುದಿದೆ?

ಇನ್ನೊಂದು, ಪ್ರವಾದಿ ಎಲೀಯ ಒಂದು ಗಿಡದ ಕೆಳಗೆ ಸಾಯ್ಬೇಕು ಅಂತ ಮಲಗಿದಾಗ ದೇವದೂತ ಮೊದಲು ಕೊಟ್ಟಿದ್ದು ರೊಟ್ಟಿ ನೀರು, ಮತ್ತೆ ನಿದ್ದೆ, ಮತ್ತೆ ಊಟ. ಉಪದೇಶ ಅಲ್ಲ. ನಿಮಗೆ ಪ್ರಾರ್ಥನೆಯಲ್ಲಿ ಮಾತ್ರ ಅಲ್ಲ, ಬೇರೆ ಯಾವುದ್ರಲ್ಲೂ ಆಸಕ್ತಿ ಇಲ್ಲ, ನಿದ್ದೆ ಬರ್ತಿಲ್ಲ ಅಂತಿದ್ರೆ ದಯವಿಟ್ಟು ಡಾಕ್ಟರ್ ಹತ್ರ ಹೋಗಿ, ಅದು ನಂಬಿಕೆ ಕಮ್ಮಿ ಆದ ಲಕ್ಷಣ ಅಲ್ಲ.

ಚರ್ಚಿಗೆ ಹೋಗೋದು ನಿಲ್ಲಿಸ್ಬೇಡಿ. ನಂಬಿಕೆ ಬಿಟ್ಟೋರನ್ನ ನಾನು ನೋಡಿದ ಹಾಗೆ ವಾದದಲ್ಲಿ ಸೋತು ಬಿಟ್ಟೋರು ಕಮ್ಮಿ, ಬರೋದು ಕಮ್ಮಿ ಮಾಡಿ ಮಾಡಿ ದೂರ ಆದೋರೇ ಜಾಸ್ತಿ. ಪೌಲನ ಜೊತೆ ಸೇವೆ ಮಾಡ್ತಿದ್ದ ದೇಮನ ಹೆಸರು ಅವನು ಬರೆದ ಕೊಲೊಸ್ಸೆ ಪತ್ರದಲ್ಲಿ ಲೂಕನ ಪಕ್ಕದಲ್ಲೇ ಇದೆ, ಎರಡನೇ ತಿಮೊಥೆಗೆ ಬರೋ ಹೊತ್ತಿಗೆ ಇಹಲೋಕನ ಪ್ರೀತಿಸಿ ನನ್ನನ್ನ ಬಿಟ್ಟು ಥೆಸಲೊನೀಕಕ್ಕೆ ಹೋದ ಅಂತ ಪೌಲ ಬರೀತಾನೆ, ಲೂಕನೊಬ್ಬನೇ ಉಳ್ಕೊಂಡಿದ್ದ. ಹಾಡೋಕೆ ಆಗ್ದಿದ್ರೆ ಸುಮ್ನೆ ನಿಂತ್ಕೊಳ್ಳಿ, ಪಕ್ಕದೋರು ಹಾಡೋದನ್ನ ಕೇಳಿ. ಕರ್ತನ ಭೋಜನ ತಗೊಳ್ಳಿ, ಆ ರೊಟ್ಟಿ ನಿಮ್ಮ ಫೀಲಿಂಗ್ ಮೇಲೆ ನಿಂತಿಲ್ಲ. ಮತ್ತೆ ಇದೆಲ್ಲ ಮಾಡಿ ನೀವು ದೇವರನ್ನ ಹಿಡ್ಕೊಂಡಿರ್ತೀರ ಅಂತಾನೂ ನಾನು ಹೇಳ್ತಿಲ್ಲ. ಪೇತ್ರ ಯೇಸು ನನಗೆ ಗೊತ್ತೇ ಇಲ್ಲ ಅಂತ ಅಲ್ಲಗಳೆಯೋದಕ್ಕೆ ಮುಂಚೇನೇ ನಿನ್ನ ನಂಬಿಕೆ ಕುಂದಬಾರದು ಅಂತ ನಿನಗೋಸ್ಕರ ಬೇಡ್ಕೊಂಡಿದ್ದೀನಿ ಅಂದಿದ್ದ ಯೇಸು, ಪೇತ್ರ ವಾಪಸ್ ಬಂದಿದ್ದು ಆ ಪ್ರಾರ್ಥನೆಯಿಂದ.

ಹಿರಿಯರ ವಿಷಯ. ಈ ವಾರಾನೇ ಹೋಗಿ, ನೀವು ನನಗೆ ಬರೆದಿದ್ದನ್ನೇ ಹಾಗೇ ಓದಿ ಹೇಳಿದ್ರೂ ಸಾಕು. ಅಷ್ಟು ವರ್ಷ ನಡೆದೋರಿಗೆ ಇದು ಹೊಸ ವಿಷಯ ಆಗಿರಲ್ಲ, ನೀವು ಹೇಳಿ ಮುಗಿಸಿದ್ಮೇಲೆ ಅವರ ಒಣ ವರ್ಷಗಳು ಹೇಗಿದ್ವು, ಆಗ ಏನು ಮಾಡಿದ್ರಿ ಅಂತ ಕೇಳಿ.