ಕೊರಿಯಾದ ತರಗತಿಯಲ್ಲಿ ಬಾಯಿ ಬಿಡದ ಮಕ್ಕಳು

ಪ್ರಶ್ನೆ: ನಾನು ಹಾಸನ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಶಿಕ್ಷಕಿ, ಇಂಗ್ಲಿಷ್ ಎಂ.ಎ., ಬಿ.ಇಡಿ. ಆಗಿದೆ. ದಕ್ಷಿಣ ಕೊರಿಯಾದ ಶಾಲೆಗಳಲ್ಲಿ ನಮ್ಮಂಥವರಿಗೆ ಅವಕಾಶವಿದೆಯೇ? ಅಲ್ಲಿನ ಹೈಸ್ಕೂಲು ಮಕ್ಕಳು ತರಗತಿಯಲ್ಲಿ ಮಾತೇ ಆಡುವುದಿಲ್ಲವಂತೆ. ಅವರಿಗೆ ಮಾರ್ಗದರ್ಶನ ಮಾಡುವುದು ಹೇಗೆ? ನನ್ನ ಉಚ್ಚಾರಣೆಗೆ ನಕ್ಕರೆ?

ಉತ್ತರ: ಅವಕಾಶವಿದೆ, ಬಾಗಿಲು ಮಾತ್ರ ಕಿರಿದು. ಇಂಗ್ಲಿಷ್ ಕಲಿಸುವವರ ಇ-2 ವೀಸಾ ಸಾಮಾನ್ಯವಾಗಿ ಅಮೆರಿಕ, ಬ್ರಿಟನ್, ದಕ್ಷಿಣ ಆಫ್ರಿಕಾ ಮೊದಲಾದ ಏಳು ದೇಶಗಳ ಪ್ರಜೆಗಳಿಗೆ ಮೀಸಲು. 2010ರ ಜನವರಿ 1ರಂದು ಜಾರಿಗೆ ಬಂದ ಭಾರತ–ಕೊರಿಯಾ ಸಮಗ್ರ ಆರ್ಥಿಕ ಸಹಭಾಗಿತ್ವ ಒಪ್ಪಂದದಿಂದಾಗಿ ಭಾರತೀಯರೂ ಶಾಲೆಗಳಲ್ಲಿ ಸಹಾಯಕ ಇಂಗ್ಲಿಷ್ ಶಿಕ್ಷಕರಾಗಬಹುದು. ‘ಹಾಗ್ವನ್’ ಎನ್ನುವ ಖಾಸಗಿ ಟ್ಯೂಷನ್ ಕೇಂದ್ರದ ಕೆಲಸ ಕೊಡಿಸುತ್ತೇವೆ ಎನ್ನುವ ಏಜೆಂಟರ ಮಾತಿಗೆ ಮರುಳಾಗಬೇಡಿ. ನಿಮ್ಮ ಬಿ.ಇಡಿ.ಯೇ ಇಲ್ಲಿ ನಿಮ್ಮ ಬಲ.

ಇನ್ನು ಮೌನದ ವಿಷಯ. ಆ ಮಕ್ಕಳಿಗೆ ಇಂಗ್ಲಿಷ್ ಬಾರದು ಎಂದು ಮೊದಲ ವಾರವೇ ತೀರ್ಮಾನಿಸುವುದು ಹೊಸಬರು ಮಾಡುವ ದೊಡ್ಡ ತಪ್ಪು. ನವೆಂಬರಿನಲ್ಲಿ ನಡೆಯುವ ‘ಸುನುಂಗ್’ ಎಂಬ ಕಾಲೇಜು ಪ್ರವೇಶ ಪರೀಕ್ಷೆಯ ಇಂಗ್ಲಿಷ್ ಪತ್ರಿಕೆಯಲ್ಲಿ 70 ನಿಮಿಷಕ್ಕೆ 45 ಪ್ರಶ್ನೆಗಳಿದ್ದು, ಅವುಗಳಲ್ಲಿ 17 ಆಲಿಸಿ ಉತ್ತರಿಸುವಂಥವು. ಆಲಿಸುವ ಆ ಹೊತ್ತು ದೇಶದಲ್ಲಿ ವಿಮಾನಗಳು ಮೇಲೇರುವುದನ್ನೂ ಇಳಿಯುವುದನ್ನೂ ತಡೆಹಿಡಿಯುತ್ತಾರೆ. ಆದರೆ ಅದರಲ್ಲಿ ಮಾತಿಗೆ ಒಂದು ಅಂಕವೂ ಇಲ್ಲ. ಕಠಿಣವಾದ ಗದ್ಯಭಾಗವನ್ನು ಸರಸರನೆ ಓದಿ ಅರ್ಥಮಾಡಿಕೊಳ್ಳಬಲ್ಲ ಹುಡುಗಿ, ನಲವತ್ತು ಕಣ್ಣುಗಳ ಮುಂದೆ ತಪ್ಪಾಡಬಹುದೆಂಬ ಅಂಜಿಕೆಯಿಂದ ತನ್ನ ಊರಿನ ಹೆಸರನ್ನೂ ಹೇಳದೆ ಕೂರುತ್ತಾಳೆ. ಆದ್ದರಿಂದ ಇಡೀ ತರಗತಿಗೆ ಪ್ರಶ್ನೆ ಎಸೆಯಬೇಡಿ. ಇಬ್ಬಿಬ್ಬರನ್ನು ಜೋಡಿಮಾಡಿ, ಬರೆದುಕೊಳ್ಳಲು ಎರಡು ನಿಮಿಷ ಕೊಟ್ಟು, ಆಮೇಲೆ ಮಾತಿಗೆ ಕರೆಯಿರಿ. ವ್ಯಾಕರಣ ಮತ್ತು ಪರೀಕ್ಷೆಯ ಭಾರವನ್ನು ಜೊತೆಗಿರುವ ಕೊರಿಯನ್ ಶಿಕ್ಷಕರು ಹೊರುತ್ತಾರೆ, ಅವರ ದಾರಿಗೆ ಅಡ್ಡ ಬರಬೇಡಿ.

ಮಾರ್ಗದರ್ಶನವೆಂಬುದು ಹೆಚ್ಚಾಗಿ 50 ನಿಮಿಷಗಳ ಪೀರಿಯಡ್ಡಿನ ಆಚೆಗೇ ನಡೆಯುತ್ತದೆ. ಊಟದ ಸಾಲಿನಲ್ಲಿ, ಮೊಗಸಾಲೆಯಲ್ಲಿ, ಒಬ್ಬರೇ ಸಿಕ್ಕಾಗ ಮಕ್ಕಳು ತಾವಾಗಿಯೇ ಮಾತು ತೆಗೆಯುತ್ತಾರೆ. ಸಂಜೆಯ ನಂತರವೂ ಶಾಲೆಯಲ್ಲಿ ಓದುತ್ತ ಕೂರುವ ‘ಯಾಜಾ’ ಪದ್ಧತಿ ಇರುವ ಕಡೆ ಅವರಿಗೆ ಬೇಕಾದುದು ಇನ್ನೊಂದು ಪಾಠವಲ್ಲ, ಅಂಕ ಕೇಳದ ಒಬ್ಬ ಹಿರಿಯರು.

ಉಚ್ಚಾರಣೆಯ ಅಂಜಿಕೆ ಬಿಡಿ. ಅದು ನಿಮ್ಮ ಪಾಠಕ್ಕೆ ಸಾಮಗ್ರಿಯೇ ಆದೀತು. ಕೊರಿಯನ್ನರು ಬಸ್ಸನ್ನು ‘ಬೊಸು’ ಎನ್ನುತ್ತಾರೆ, ಫಕಾರವಿಲ್ಲದ್ದರಿಂದ ಕಾಫಿ ಅವರ ಬಾಯಲ್ಲಿ ‘ಕೊಪಿ’. ನಾವೂ ಬಸ್ಸಿಗೆ, ಕಾರಿಗೆ ಉಕಾರ ಅಂಟಿಸಿಕೊಂಡವರೇ ಅಲ್ಲವೇ? ಮೊದಲ ದಿನ ಎರಡೂ ರೂಪಗಳನ್ನು ಹಲಗೆಯ ಮೇಲೆ ಅಕ್ಕಪಕ್ಕ ಬರೆದು, ಅವರಿಂದಲೇ ಓದಿಸಿ.