ಮಂಗರಬಳ್ಳಿ ರಸ ಕುಡಿದರೆ ಮುರಿದ ಮೂಳೆ ಬೇಗ ಕೂಡುತ್ತದೆಯೇ?

ಪ್ರಶ್ನೆ: ಅಮ್ಮ ಅಂಗಳದ ಪಾಚಿಯಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಿದ್ದಾರೆ, ಪ್ಲಾಸ್ಟರ್ ಹಾಕಿದ್ದಾರೆ. ಮಂಗರಬಳ್ಳಿಯಲ್ಲಿ ಕ್ಯಾಲ್ಸಿಯಂ ಜಾಸ್ತಿ, ಹಸಿ ರಸ ಕುಡಿಸಿ ಎನ್ನುತ್ತಾರೆ ನೆರೆಮನೆಯವರು. ನಾನೇ ಒಂದು ಚಮಚ ಕುಡಿದು ನೋಡಿದೆ, ಗಂಟಲು ವಿಪರೀತ ತುರಿಸಿತು. ಕೊಡಬಹುದೇ?
– ಓದುಗರು, ಕಟಪಾಡಿ

ಉತ್ತರ: ಹಸಿ ರಸ ಬೇಡವೇ ಬೇಡ. ನಿಮ್ಮ ಗಂಟಲು ತುರಿಸಿದ್ದೇ ಆ ಕ್ಯಾಲ್ಸಿಯಂನಿಂದ! ದಂಟಿನೊಳಗೆ ಅದು ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳಾಗಿ ಕೂತಿರುತ್ತದೆ. ಪತ್ರೊಡೆಯ ಕೆಸುವಿನಲ್ಲಿರುವುದೂ ಇದೇ. ನೀರಲ್ಲಿ ಕರಗದ ಈ ರೂಪದಿಂದ ದೇಹಕ್ಕೆ ದಕ್ಕುವ ಕ್ಯಾಲ್ಸಿಯಂ ತೀರಾ ಕಡಿಮೆ. ಕ್ಯಾಲ್ಸಿಯಂ ಬೇಕೆಂದರೆ ಮಜ್ಜಿಗೆ, ರಾಗಿ, ಮುಳ್ಳು ಸಮೇತ ತಿನ್ನುವ ಸಣ್ಣ ಬೂತಾಯಿ ಮೇಲು.

ಹಾಗೆಂದು ಬಳ್ಳಿಯ ಹೆಸರು ಬರೀ ಗಾಳಿಮಾತಲ್ಲ. ಮೂಳೆ ಮುರಿತಕ್ಕೆ ಕೊಡುವ ಆಯುರ್ವೇದದ ಲಾಕ್ಷಾದಿ ಗುಗ್ಗುಲು ಔಷಧದಲ್ಲಿ ಇದು ಸೇರುತ್ತದೆ. ಭಾವಪ್ರಕಾಶವೆಂಬ ಹಳೆಯ ಆಯುರ್ವೇದ ಗ್ರಂಥದಲ್ಲಂತೂ ಸಿಪ್ಪೆ ತೆಗೆದ ದಂಟನ್ನು ಉದ್ದಿನ ಬೇಳೆಯ ಜೊತೆ ಅರೆದು, ಎಳ್ಳೆಣ್ಣೆಯಲ್ಲಿ ವಡೆ ಕರಿದು ತಿಂದರೆ ವಾತ ಹೋಗುತ್ತದೆ ಎಂದಿದೆ. (ನನಗಂತೂ ಔಷಧಕ್ಕಿಂತ ತಿಂಡಿಯಂತೆಯೇ ಕಾಣುತ್ತದೆ.) ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಶಸ್ತ್ರವೈದ್ಯ ಕೆ.ಎನ್. ಉಡುಪ ಮತ್ತು ಸಂಗಡಿಗರು ಇದನ್ನು ಪ್ರಾಣಿಗಳಲ್ಲಿ ಪರೀಕ್ಷಿಸಿದರು. ಮೂಳೆಗೆ ಕ್ಯಾಲ್ಸಿಯಂ ಸೇರುವುದನ್ನು ಪತ್ತೆಹಚ್ಚಲು ವಿಕಿರಣಶೀಲ ಕ್ಯಾಲ್ಸಿಯಂ-45 ಬಳಸಿದ ಅವರ ಪ್ರಬಂಧ 1964ರಲ್ಲಿ ಪ್ರಕಟವಾಯಿತು. ಮುರಿದ ಮೂಳೆ ಬೇಗ ಗಟ್ಟಿಯಾಯಿತೆಂದು ಅವರು ಕಂಡರು. ಬಳ್ಳಿ ದ್ರಾಕ್ಷಿಯ ಕುಟುಂಬದ್ದು, ದ್ರಾಕ್ಷಿ ಸಿಪ್ಪೆಯಲ್ಲಿರುವ ರೆಸ್ವೆರಟ್ರಾಲ್ ಎಂಬ ಅಂಶ ಇದರಲ್ಲೂ ಇದೆ. ಜೊತೆಗೆ ಕ್ವಾಡ್ರಾಂಗ್ಯುಲಾರಿನ್, ಕ್ವೆರ್ಸೆಟಿನ್, ಸ್ಟೀರಾಯ್ಡ್ ಬಗೆಯ ಅಂಶಗಳು. ಮನುಷ್ಯರಲ್ಲಿ ನಡೆದ ಪರೀಕ್ಷೆಗಳು ಮಾತ್ರ ಚಿಕ್ಕವು. ಅದನ್ನು ನಂಬಿ ಪ್ಲಾಸ್ಟರನ್ನು ಅವಧಿಗೆ ಮೊದಲೇ ಬಿಚ್ಚಿಸಬೇಡಿ.

ಊಟಕ್ಕಾದರೆ ಧಾರಾಳವಾಗಿ ಬಳಸಿ. ಕೈಗೆ ತೆಂಗಿನೆಣ್ಣೆ ಸವರಿಕೊಂಡು ಎಳೆ ಗೆಣ್ಣುಗಳನ್ನೇ ಆರಿಸಿ, ಅಂಚಿನ ನಾರು ತೆಗೆದು, ಎಣ್ಣೆಯಲ್ಲಿ ಚೆನ್ನಾಗಿ ಹುರಿದು, ಹುಣಸೆಹುಳಿ, ಒಣಮೆಣಸು, ತೆಂಗಿನಕಾಯಿ ಹಾಕಿ ಚಟ್ನಿ ಅರೆಯಿರಿ. ತುರಿಕೆ ತಗ್ಗಲು ಹುಳಿ ಬೇಕು, ಅದರಲ್ಲಿ ಜಿಪುಣತನ ಬೇಡ. ಅಮ್ಮನಿಗೆ ಮೂತ್ರಪಿಂಡದ ಕಲ್ಲಿನ ತೊಂದರೆ ಇದ್ದರೆ ಇದೂ ಬೇಡ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಿದ್ದರೆ, ಇದರ ಪುಡಿ ಅಥವಾ ಕ್ಯಾಪ್ಸೂಲ್ ಶುರುಮಾಡುವ ಮುನ್ನ ವೈದ್ಯರಿಗೆ ಹೇಳಿ.

ಇನ್ನೊಂದು ಮಾತು: ಅಂಚುಗಳಿರುವ ದಂಟಿದ್ದದ್ದೆಲ್ಲ ಮಂಗರಬಳ್ಳಿಯಲ್ಲ. ಚಿವುಟಿದಾಗ ಬಿಳಿ ಹಾಲು ಬಂದರೆ ಅದು ಕಳ್ಳಿ, ವಿಷ, ಕಣ್ಣಿಗೂ ತಾಗಬಾರದು. ಮಂಗರಬಳ್ಳಿಯಲ್ಲಿ ಹಾಲಿಲ್ಲ, ಗೆಣ್ಣಿನಲ್ಲಿ ಹಬ್ಬುವ ಕುಡಿಬಳ್ಳಿ ಇರುತ್ತದೆ.