ಅಯ್ಯಪ್ಪ ಮಾಲೆ ಹಾಕಿಸಿದರೆ ತಮ್ಮ ಕುಡಿತ ಬಿಡುತ್ತಾನೆಯೇ?

ತಮ್ಮನಿಗೆ ಬೈಪೋಲಾರ್ ಕಾಯಿಲೆ (ಮನಸ್ಸು ಕೆಲಕಾಲ ಉನ್ಮಾದಕ್ಕೆ ಏರಿ, ಕೆಲಕಾಲ ಖಿನ್ನತೆಗೆ ಇಳಿಯುವ ಕಾಯಿಲೆ) ಇದೆ, ಜೊತೆಗೆ ಕುಡಿತವೂ ಇದೆ, ಮನೆಯವರು ಮಾಲೆ ಹಾಕಿಸೋಣ ಎನ್ನುತ್ತಿದ್ದಾರೆ, ದೈವಬಲದಿಂದ ಇದು ವಾಸಿಯಾಗುತ್ತದೆಯೇ ಎಂದು ಕೇಳಿದ್ದೀರಿ. ಈ ಎರಡೂ ನನಗೂ ಅಂಟಿಕೊಂಡಿವೆ. ದೇವರನ್ನು ನಂಬುತ್ತೇನೆ, ಮಾತ್ರೆಯನ್ನೂ ನುಂಗುತ್ತೇನೆ.

ಮೊದಲು ಅವಸರದ ಮಾತು. ದಿನವೂ ಮಿತಿಮೀರಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನಗಳೊಳಗೆ ಕೈನಡುಕ, ಫಿಟ್ಸ್, ಇಲ್ಲದ್ದೆಲ್ಲ ಕಾಣುವ ಸನ್ನಿ ಬರಬಹುದು. ಪ್ರಾಣಕ್ಕೂ ಅಪಾಯ. ಇದನ್ನು ಮೈಮೇಲೆ ದೇವರು ಬಂದಿದೆ ಎಂದುಕೊಂಡು ಕರ್ಪೂರ ಹಚ್ಚುತ್ತ ಕೂರಬೇಡಿ. ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್ ಆಸ್ಪತ್ರೆಯಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ವೈದ್ಯರ ಕಣ್ಗಾವಲಿನಲ್ಲಿ ಮದ್ಯ ಬಿಡಿಸಿ, ಮಾಲೆ ಆಮೇಲೆ.

ಮಾಲೆಯ ಬಗ್ಗೆ ನನಗೆ ಗೌರವವಿದೆ. ನಿನ್ನೆಯವರೆಗೆ 'ಕುಡುಕ' ಎಂದು ಮುಖ ತಿರುಗಿಸುತ್ತಿದ್ದ ಬೀದಿಯೇ ಕಪ್ಪು ಪಂಚೆ ಉಟ್ಟ ಮರುದಿನ 'ಸ್ವಾಮಿ, ಕಾಫಿ ಆಯಿತೇ?' ಎನ್ನುತ್ತದೆ. ಹೆತ್ತ ತಾಯಿಯೂ ಸ್ವಾಮಿ ಎಂದೇ ಕರೆಯುತ್ತಾಳೆ. ಯಾವ ವೈದ್ಯರೂ ಚೀಟಿಯಲ್ಲಿ ಬರೆದುಕೊಡಲಾಗದ ಮರ್ಯಾದೆ ಅದು. ತೊಡಕಿರುವುದು 41 ದಿನ ಎಂಬ ಗಡುವಿನಲ್ಲಿ. ಮಾಲೆ ಬಿಚ್ಚುವ ದಿನ ಕುಡಿಯುವ ಗೆಳೆಯರಿಗೂ ಗೊತ್ತಿರುತ್ತದೆ. ಸಂಕ್ರಾಂತಿ ಕಳೆದ ವಾರ ನಮ್ಮೂರಿನ ಯಾವುದಾದರೂ ಬಾರ್ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ, ತಿಳಿಯುತ್ತದೆ.

ನನಗೆ ಒಗ್ಗಿದ್ದು, ಕುಡಿತ ಬಿಡಬಯಸುವವರು ಒಬ್ಬರಿಗೊಬ್ಬರು ನೆರವಾಗುವ ಆಲ್ಕೊಹಾಲಿಕ್ಸ್ ಅನಾನಿಮಸ್ ಕೂಟದ ಲೆಕ್ಕ: ಇವತ್ತೊಂದು ದಿನ ಕುಡಿಯುವುದಿಲ್ಲ, ನಾಳೆಯದು ನಾಳೆಗೆ. 1935ರಲ್ಲಿ ಅಮೆರಿಕದಲ್ಲಿ ಶುರುವಾದ ಈ ಕೂಟದ ಸಭೆಗಳು ಬೆಂಗಳೂರಿನಲ್ಲೂ ನಡೆಯುತ್ತವೆ, ಶುಲ್ಕವಿಲ್ಲ. ಕುಡಿತದಿಂದ ಹೊರಬರಲು ಅದು ಹೇಳುವ ಹನ್ನೆರಡು ಹೆಜ್ಜೆಗಳಲ್ಲಿ ದೇವರಿದ್ದಾನೆ, ಆದರೆ ಅವರವರು ಅರಿತುಕೊಂಡಂತೆ. ನಮ್ಮ ಸಭೆಯಲ್ಲಿ ಒಬ್ಬರಿಗೆ ಏಸು, ಇನ್ನೊಬ್ಬರಿಗೆ ಅಲ್ಲಾಹು, ನನಗೆ ಬೆಂಗಳೂರಿನ ಗವಿಪುರದ ಗುಹೆ ಗುಡಿಯ ಗಂಗಾಧರೇಶ್ವರ. ನಾಸ್ತಿಕರೊಬ್ಬರು ಆ ಗುಂಪನ್ನೇ ದೇವರೆನ್ನುತ್ತಾರೆ. ಯಾರ ತಕರಾರೂ ಇಲ್ಲ.

ದೇವರು ನನ್ನ ಕುಡಿಯುವ ತವಕವನ್ನು ಕಿತ್ತೊಗೆದಿಲ್ಲ. ಈಗಲೂ ಸಂಜೆಯಾದರೆ ಬಾಯಿ ಒಣಗುತ್ತದೆ. ಆಗ ಗವಿಪುರಕ್ಕೆ ಹೋಗುತ್ತೇನೆ. ಗುಹೆಯ ಚಾವಣಿ ತಲೆಗೆ ತಾಗುವಷ್ಟು ತಗ್ಗು, ಗರ್ಭಗುಡಿಯ ಪ್ರದಕ್ಷಿಣೆಗೆ ಬೆನ್ನು ಬಗ್ಗಿಸಲೇಬೇಕು. ಕತ್ತಲಲ್ಲಿ ಗೋಡೆ ಸವರುತ್ತ ಸುತ್ತು ಮುಗಿಸುವಷ್ಟರಲ್ಲಿ ತವಕದ ಬಿರುಸು ಇಳಿದಿರುತ್ತದೆ. ನನಗೆ ಬೇಕಾದದ್ದು ಅಷ್ಟು ಹೊತ್ತು.

ಬೈಪೋಲಾರ್ ಇರುವವರ ಭಕ್ತಿಯ ಮೇಲೆ ಮಾತ್ರ ಮನೆಯವರ ಕಣ್ಣಿರಬೇಕು. ಉನ್ಮಾದ ಏರುವಾಗ ಭಕ್ತಿಯೂ ಏರಬಹುದು: ರಾತ್ರಿಯಿಡೀ ಜಪ, ದೇವರು ತನಗೊಬ್ಬನಿಗೇ ಅಪ್ಪಣೆ ಕೊಟ್ಟನೆಂಬ ಭಾವ. ನನ್ನ ಹೆಂಡತಿ ನಾನೆಷ್ಟು ಜಪ ಮಾಡಿದೆನೆಂದು ಕೇಳುವುದಿಲ್ಲ, ಎಷ್ಟು ನಿದ್ದೆ ಮಾಡಿದೆನೆಂದು ನೋಡುತ್ತಾಳೆ. ನಿದ್ದೆ ಕಡಿಮೆಯಾದರೂ ಹುರುಪು ಇಳಿಯದಿದ್ದರೆ ವೈದ್ಯರಿಗೆ ಫೋನ್ ಮಾಡುತ್ತಾಳೆ.

ತಮ್ಮ ಬೈಪೋಲಾರ್‌ಗೆ ಕೊಡುವ ಲಿಥಿಯಂ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ನಿರ್ಜಲ ಉಪವಾಸ, ಉಪ್ಪು ಬಿಡುವ ವ್ರತ ಬೇಡವೇ ಬೇಡ. ಮೈಯಲ್ಲಿ ನೀರು, ಉಪ್ಪು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಏರಿ ವಿಷವಾಗಬಹುದು. ಬೆವರು ಸುರಿಸುತ್ತ ಬೆಟ್ಟ ಹತ್ತುವಾಗಲೂ ಈ ಭಯ ಇದ್ದದ್ದೇ. ಹೊರಡುವ ಮುನ್ನ ವೈದ್ಯರನ್ನು ಕೇಳಿ. ವ್ರತ ಮುಗಿಯುವವರೆಗೆ ಮಾತ್ರೆ ನಿಲ್ಲಿಸು ಎನ್ನುವ ಗುರುಸ್ವಾಮಿ ಸಿಕ್ಕರೆ ಬೇರೊಬ್ಬ ಗುರುಸ್ವಾಮಿಯನ್ನು ಹುಡುಕಿ.

ತಕ್ಷಣ ಮಾತನಾಡಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತನಾಡಬಹುದು. ಕುಡಿಯುವವರ ಮನೆಯವರಿಗೆಂದೇ ಅಲ್-ಅನಾನ್ ಎಂಬ ಕೂಟವೂ ಇದೆ. ತಮ್ಮ ಎಲ್ಲಿಗೂ ಬರಲೊಲ್ಲೆ ಎಂದರೂ ಅಲ್ಲಿಗೆ ನೀವು ಹೋಗಬಹುದು.